ಟೀಚರ ಹೆಸರಿನಲ್ಲಿ ಬಿದ್ದ ಓಟು

ಮದ್ರಾಸಿನ ರಾಯಪುರಂನ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುವ ರಂಜನಿ ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಏಳು ಸಲ ಎಲೆಕ್ಷನ್ ಡ್ಯೂಟಿ ಮಾಡಿದ್ದಳು. ಯಾವುದೋ ಗೊತ್ತಿಲ್ಲದ ಊರಿನ ಶಾಲೆಯ ನೆಲದ ಮೇಲೆ ಹಿಂದಿನ ರಾತ್ರಿ ಮಲಗಿ, ಬೆಳಗಾದರೆ ಎದ್ದು, ಸಂಜೆಯತನಕ ಸಾವಿರ ಜನರ ಬೆರಳಿಗೆ ಮಸಿ ಹಚ್ಚಿದ್ದಳು. ತನ್ನ ಓಟನ್ನು ಮಾತ್ರ ಹಾಕಲು ಆಗಿರಲಿಲ್ಲ. ಡ್ಯೂಟಿಯವರಿಗೆ ಅಂಚೆಯಲ್ಲಿ ಓಟು ಹಾಕುವ ವ್ಯವಸ್ಥೆಯಿತ್ತು, ಆದರೆ ಅದರ ಅರ್ಜಿ ಕೈಗೆ ಬರುವುದರೊಳಗೆ ಬಸ್ಸು ಹತ್ತುವ ದಿನ ಬಂದುಬಿಡುತ್ತಿತ್ತು. ಮದುವೆಯಾದ ಹೊಸದರಲ್ಲಿ ಅತ್ತೆಯ ಜೊತೆ ಹೋಗಿ ಒಂದು ಸಲ ಹಾಕಿದ್ದೇ ಮೊದಲು, ಅದೇ ಕೊನೆ.

೨೦೦೧ರ ಫೆಬ್ರವರಿಯಲ್ಲಿ ಗರ್ಭಕೋಶದ ಆಪರೇಷನ್ ಆಗಿ, ಡಾಕ್ಟರ ಸರ್ಟಿಫಿಕೇಟಿನ ಮೇಲೆ ಡ್ಯೂಟಿಯಿಂದ ಬಿಡುಗಡೆ ಸಿಕ್ಕಿತು. ಮೇ ತಿಂಗಳಲ್ಲಿ ವಿಧಾನಸಭೆಗೆ ಮತದಾನ. ಆ ದಿನ ಬೆಳಿಗ್ಗೆ ಒಂಬತ್ತಕ್ಕೆ ರಂಜನಿ ಇಸ್ತ್ರಿ ಮಾಡಿದ ಸೀರೆಯುಟ್ಟು, ಮತದಾರರ ಗುರುತಿನ ಚೀಟಿ ಪರ್ಸಿನಲ್ಲಿಟ್ಟುಕೊಂಡು ಹೊರಟಳು.

ಗಂಡ ಸುಜಯೀಂದ್ರ ಬ್ಯಾಂಕಿನಲ್ಲಿ ಆಫೀಸರು. ಕನ್ನಡದ ಮನೆತನವಾದರೂ ನಾಲ್ಕು ತಲೆಮಾರಿನಿಂದ ಮದ್ರಾಸಿನದು, ಮಾತಿನಲ್ಲಿ ತಮಿಳು ಬೆರೆತಿತ್ತು. ರಜೆಯ ದಿನವೆಂದು ಬನಿಯನ್ನಿನಲ್ಲೇ ಕೂತು ಪೇಪರ್ ಓದುತ್ತಿದ್ದವನು ತಲೆಯೆತ್ತದೆ ಹೇಳಿದ:

"ಯಾರಿಗ್ ಹಾಕಿದ್ರೂ ಅಷ್ಟೇ ಕಣೇ. ಈ ಸುಡೋ ವೆಯಿಲ್ನಲ್ಲಿ ಹೋಗಿ ಕ್ಯೂನಲ್ಲಿ ನಿಂತ್ಕೋಬೇಕಾ? ಇನ್ನೂ ಹೊಲಿಗೆ ಹಾಕಿದ್ದೇ ಸರಿಯಾಗಿಲ್ಲ."

"ನೀವು ಬರಲ್ವಾ?"

"ಮಧ್ಯಾಹ್ನ ನೋಡೋಣ."

ಮಧ್ಯಾಹ್ನ ಅವನು ಹೋಗುವುದಿಲ್ಲ ಎಂದು ರಂಜನಿಗೆ ಗೊತ್ತಿತ್ತು. ಹಾಗೆಂದು ಅವಳಿಗೇನು ರಾಜಕಾರಣಿಗಳ ಮೇಲೆ ಭಕ್ತಿಯಿರಲಿಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ದಿನ ಶಾಲೆಯ ಗೇಟಿಗೇ ಮೈಕು ಕಟ್ಟಿ ಕೂಗಿದವರನ್ನು ಅವಳು ನೋಡಿದ್ದಳು. ಒಂದು ವರ್ಷ ಯಾರೋ ಮಂತ್ರಿ ಆ ದಾರಿಯಲ್ಲಿ ಹೋಗುತ್ತಾರೆಂದು ಆರನೆಯ ತರಗತಿಯ ಮಕ್ಕಳ ಕೈಗೆ ಕಾಗದದ ಬಾವುಟ ಕೊಟ್ಟು ಎರಡೂವರೆ ಗಂಟೆ ರಸ್ತೆಯ ಬದಿಯಲ್ಲಿ ನಿಲ್ಲಿಸಿದ್ದರು. ಒಂದು ಹುಡುಗಿ ತಲೆ ಸುತ್ತಿ ಬಿತ್ತು. ಕಾರುಗಳು ಗಾಜು ಕೂಡ ಇಳಿಸದೆ ಹೋದವು. ಆ ಮಗುವನ್ನು ಎತ್ತಿಕೊಂಡು ಆಟೋ ಹುಡುಕಿದವಳು ರಂಜನಿಯೇ. ಇವರನ್ನು ಕೇಳುವುದಕ್ಕೆ ತನ್ನ ಕೈಯಲ್ಲಿರುವುದು ಐದು ವರ್ಷಕ್ಕೊಂದು ಓಟು, ಅದನ್ನೂ ಬಿಟ್ಟುಕೊಟ್ಟರೆ ಬಾಯಿ ತೆರೆಯಲು ಯಾವ ಮುಖ ಎಂದು ಅವಳ ವಾದ. ಈ ವಾದ ಮನೆಯಲ್ಲಿ ಯಾರೂ ಪೂರ್ತಿ ಕೇಳಿರಲಿಲ್ಲ.

ಅವರ ಮನೆ ಎಗ್ಮೋರ್ ಸ್ಟೇಷನ್ನಿನ ಹಿಂದೆ. ಮತಗಟ್ಟೆ ಎರಡು ಬೀದಿಯಾಚೆ ಒಂದು ಪ್ರೈಮರಿ ಶಾಲೆಯಲ್ಲಿ. ಹೆಂಗಸರ ಸಾಲಿನಲ್ಲಿ ಇಪ್ಪತ್ತೈದು ನಿಮಿಷ ನಿಂತ ಮೇಲೆ ಅವಳ ಸರದಿ ಬಂತು. ಒಳಗೆ ಮೊದಲ ಮೇಜಿನ ಪೋಲಿಂಗ್ ಆಫೀಸರು ಚೀಟಿ ತೆಗೆದುಕೊಂಡು ಪಟ್ಟಿಯ ಮೇಲೆ ಸ್ಕೇಲಿಟ್ಟು ಕೆಳಗಿಳಿಸುತ್ತ ಬಂದ. ಕ್ರಮಸಂಖ್ಯೆ ನಾನೂರ ಹನ್ನೆರಡರ ಹತ್ತಿರ ಸ್ಕೇಲು ನಿಂತಿತು.

"ನೀವು ಆಗಲೇ ಹಾಕಿದ್ದೀರಲ್ಲ ಮೇಡಂ," ಅಂದ ತಮಿಳಿನಲ್ಲಿ.

ರಂಜನಿ ಬಗ್ಗಿ ನೋಡಿದಳು. ತನ್ನ ಹೆಸರಿನ ಕೆಳಗೆ ಕೆಂಪು ಗೆರೆ, ಪಕ್ಕದಲ್ಲಿ ಹೆಂಗಸು ಎಂಬುದಕ್ಕೆ ಒಂದು ಟಿಕ್ಕು. ಅವಳೇ ಸಾವಿರಾರು ಹೆಸರಿಗೆ ಎಳೆದಂಥ ಗೆರೆ. ಅವಳು ಎಡಗೈಯನ್ನು ಮೇಜಿನ ಮೇಲೆ ಚಾಚಿದಳು.

"ನನ್ನ ಬೆರಳಲ್ಲಿ ಮಸಿಯೆಲ್ಲಿದೆ, ತೋರಿಸಿ."

ಅವನು ಬೆರಳು ನೋಡಿದ, ಮತ್ತೆ ಪಟ್ಟಿ ನೋಡಿದ, ಆಮೇಲೆ ಹಿಂದೆ ಕೂತಿದ್ದ ಅಧ್ಯಕ್ಷಾಧಿಕಾರಿಯ ಕಡೆ ನೋಡಿದ. ಆತ ರಘುರಾಮ ಎಂಬ ಮೂವತ್ತರ ಆಸುಪಾಸಿನವನು, ಯಾವುದೋ ಸರ್ಕಾರಿ ಇಲಾಖೆಯಲ್ಲಿ ಅಸಿಸ್ಟೆಂಟು. ಮೊದಲ ಸಲ ಈ ಜವಾಬ್ದಾರಿ ಬಿದ್ದಿತ್ತೆಂದು ಮುಖವೇ ಹೇಳುತ್ತಿತ್ತು.

"ಹೆಸರು ಅದಲುಬದಲಾಗಿರಬೇಕು ಮೇಡಂ. ನೀವು ಮನೆಗೆ ಹೋಗಿ ಮೂರು ಗಂಟೆಗೆ ಬನ್ನಿ, ನೋಡೋಣ."

"ಮೂರು ಗಂಟೆಗೆ ಬಂದರೆ ಈ ಗೆರೆ ಅಳಿಸಿಹೋಗತ್ತಾ?" ಎಂದು ಕೇಳಿದಳು ರಂಜನಿ. "ಸಹಿ ಮಾಡಿಸಿಕೊಳ್ಳೋ ರಿಜಿಸ್ಟರು ತೆಗೀರಿ. ಯಾರು ಸಹಿ ಹಾಕಿದ್ದಾರೆ ನೋಡಬೇಕು."

ರಿಜಿಸ್ಟರಿನಲ್ಲಿ ಹುಡುಕಿದಾಗ ನಾನೂರ ಹನ್ನೆರಡರ ಮುಂದೆ ಸಹಿಯಿರಲಿಲ್ಲ. ನೇರಳೆ ಬಣ್ಣದ ಒಂದು ಹೆಬ್ಬೆಟ್ಟಿನ ಗುರುತಿತ್ತು.

ರಂಜನಿ ಅದನ್ನೇ ನೋಡುತ್ತ ನಿಂತಳು. ಎಂ.ಎಸ್ಸಿ., ಬಿ.ಎಡ್. ಓದಿದವಳು ತಾನು. ತಂದೆ ಶ್ಯಾನುಭೋಗರ ಮನೆತನದವರು, ಐದು ಹೆಣ್ಣುಮಕ್ಕಳನ್ನೂ ಕಾಲೇಜಿಗೆ ಕಳಿಸಿದವರು. ರಿಜಿಸ್ಟರನ್ನು ರಘುರಾಮನ ಕಡೆ ತಿರುಗಿಸಿದಳು.

"ಈ ಹೆಬ್ಬೆಟ್ಟಿನವರ ಗುರುತಿನ ಚೀಟಿ ಕೇಳಿದಿರಾ?"

"ಹೆಸರು, ನಂಬರು ಬರೆದ ಪಾರ್ಟಿ ಸ್ಲಿಪ್ಪು ಇತ್ತು ಮೇಡಂ. ಏಜೆಂಟರು ಯಾರೂ ಆಕ್ಷೇಪಣೆ ಮಾಡಲಿಲ್ಲ."

ಬೆಂಚಿನ ಮೇಲೆ ಸಾಲಾಗಿ ನಾಲ್ಕು ಪಕ್ಷದ ಏಜೆಂಟರು ಕೂತಿದ್ದರು. ಅವರಲ್ಲಿ ಇಬ್ಬರು ಇದೇ ಬೀದಿಯವರು, ದಿನಾ ಅವಳನ್ನು ನೋಡುವವರು. ಒಬ್ಬ ಏಳುಮಲೈ, ಆ ವಾರ್ಡಿನಲ್ಲಿ ತನ್ನ ಪಕ್ಷದ ಕಾರ್ಯದರ್ಶಿ, ಬಿಳಿ ಷರ್ಟು, ಬಣ್ಣದ ಅಂಚಿನ ಬಿಳಿ ಪಂಚೆ. ಅವನು ಕಿಟಕಿಯ ಹೊರಗೆ ನೋಡುತ್ತಿದ್ದ. ಎದುರು ಪಕ್ಷದವನಾದರೂ ಎದ್ದು ಕೂಗಾಡಬಹುದಿತ್ತು. ಅವನು ತನ್ನ ಪಟ್ಟಿಯ ಮೇಲೆ ಇನ್ನೂ ಬಗ್ಗಿಕೊಂಡ. ಅವನ ಕಡೆಯಿಂದಲೂ ಇಂಥವು ಬಿದ್ದಿರಬೇಕೆಂದು ರಂಜನಿಗೆ ಆ ಕ್ಷಣವೇ ಅರ್ಥವಾಯಿತು. ಮೈಕಿನಲ್ಲಿ ಒಬ್ಬರ ತಾಯಿಯನ್ನೊಬ್ಬರು ಬೈದಾಡುವವರು ಇಲ್ಲಿ ಒಂದೇ ಬೆಂಚಿನಲ್ಲಿ, ಒಂದೇ ಫ್ಲಾಸ್ಕಿನ ಟೀ ಕುಡಿಯುತ್ತ ಕೂತಿದ್ದರು.

"ನಲವತ್ತೊಂಬತ್ತು ಪಿ," ಅಂದಳು ರಂಜನಿ.

"ಏನು ಮೇಡಂ?"

"ರೂಲು. ಒಬ್ಬರ ಹೆಸರಲ್ಲಿ ಬೇರೆಯವರು ಓಟು ಹಾಕಿದ್ದರೆ, ನಿಜವಾದ ಓಟುದಾರರಿಗೆ ಟೆಂಡರ್ ಬ್ಯಾಲೆಟ್ ಪೇಪರು ಕೊಡಬೇಕು. ನಿಮಗೆ ಕೊಟ್ಟಿರೋ ಸಾಮಾನಿನಲ್ಲಿ ಇಪ್ಪತ್ತು ಪೇಪರಿನ ಕಟ್ಟು ಇದೆ. ಬಿಚ್ಚಿ."

ರಘುರಾಮ ಕಟ್ಟಿಗೆ ಕೈಹಾಕಲಿಲ್ಲ. ಒಂದು ಟೆಂಡರ್ ಓಟು ಕೊಟ್ಟರೆ ಬೇರೆ ಫಾರಂ ತುಂಬಬೇಕು, ಸಂಜೆ ಲೆಕ್ಕ ಒಪ್ಪಿಸುವಾಗ ನೂರು ಪ್ರಶ್ನೆ. ಹಿಂದಿನ ಸಾಲಿನಲ್ಲಿ ಹೆಂಗಸರು ಗೊಣಗತೊಡಗಿದರು. ಏಳುಮಲೈ ಈಗ ಕಿಟಕಿ ಬಿಟ್ಟು ಈ ಕಡೆ ತಿರುಗಿ ಮೃದುವಾಗಿ ಹೇಳಿದ:

"ಟೀಚರಮ್ಮ, ಒಂದು ಓಟಿಗೆ ಯಾಕೆ ಇಷ್ಟು? ಮೈ ಬೇರೆ ಸರಿಯಿಲ್ಲ ನಿಮಗೆ. ಕೂತ್ಕೊಳ್ಳಿ, ಸೋಡಾ ತರಿಸ್ತೀನಿ."

"ಸೋಡಾ ನಿಮ್ಮ ತಲೈವರಿಗೆ ಕೊಡಿ, ಕೂಗಿ ಕೂಗಿ ಗಂಟಲು ಒಣಗಿರತ್ತೆ," ಎಂದಳು ರಂಜನಿ. ಸಾಲಿನಲ್ಲಿ ಯಾರೋ ನಕ್ಕರು. "ನಾನು ಏಳು ಎಲೆಕ್ಷನ್ನಿನಲ್ಲಿ ಆ ಕುರ್ಚಿಯಲ್ಲಿ ಕೂತವಳು. ಪೇಪರು ಕೊಡೋವರೆಗೂ ಇಲ್ಲಿಂದ ಕದಲಲ್ಲ."

ಹದಿನೈದು ನಿಮಿಷದ ಮೇಲೆ ಕಟ್ಟು ಬಿಚ್ಚಿದರು. ಅವಳು ಫಾರಂನಲ್ಲಿ ಪೂರ್ತಿ ಹೆಸರು ಬರೆದು ಸಹಿ ಹಾಕಿ, ಮರೆಯಲ್ಲಿ ಹೋಗಿ ಮುದ್ರೆಯೊತ್ತಿ ಮಡಿಸಿ ತಂದುಕೊಟ್ಟಳು. ರಘುರಾಮ ಅದನ್ನು ಒಂದು ಕವರಿನೊಳಗೆ ಹಾಕಿದ. ಆ ಕವರನ್ನು ಎಣಿಕೆಯ ದಿನ ಯಾರೂ ಬಿಚ್ಚುವುದಿಲ್ಲ. ಸೋತವನು ಕೋರ್ಟಿಗೆ ಹೋಗಿ, ಕೋರ್ಟು ಅಪ್ಪಣೆ ಕೊಟ್ಟರೆ ಮಾತ್ರ ಬಿಚ್ಚುವುದು. ಇದೂ ರಂಜನಿಗೆ ಗೊತ್ತಿತ್ತು. ಹೆಬ್ಬೆಟ್ಟಿನ ಓಟು ಲೆಕ್ಕಕ್ಕೆ ಬರುತ್ತದೆ, ತನ್ನದು ಅರಗಿನ ಮುದ್ರೆಯೊಳಗೆ ಕೊಳೆಯುತ್ತದೆ. ಅವಳು ಬಿಸಿಲಿನಲ್ಲಿ ಮನೆಯ ಕಡೆ ನಡೆದಳು.

ಮನೆಯಲ್ಲಿ ಎಲ್ಲ ಹೇಳಿದಾಗ ಸುಜಯೀಂದ್ರ ಪೇಪರ್ ಮಡಿಸಿಟ್ಟ. ಅಷ್ಟರಮಟ್ಟಿಗೆ ಅವನಿಗೂ ತಟ್ಟಿತ್ತು.

"ಅನ್ಯಾಯವೇ ಸರಿ. ಆದ್ರೆ ಏನ್ ಮಾಡಕ್ಕಾಗತ್ತೆ ಹೇಳು. ಅವ್ರ ಸಹವಾಸ ನಮಗ್ ಯಾಕೆ? ನಾಳೆ ಬೆಳಿಗ್ಗೆ ಎದ್ರೆ ಇದೇ ಬೀದೀಲಿ ಇರ್ಬೇಕು."

"ವಿಡು ಮಾ, ಬಿಟ್ಬಿಡು," ಅಂದಳು ಕಾಲೇಜಿಗೆ ಹೋಗುವ ಮಗಳು, ಟಿವಿಯ ಮುಂದಿನಿಂದ. "ಎಲ್ಲಾ ಕಡೆ ಇದೇ ದಾನ್, ಇಷ್ಟೇ."

"ಎಲ್ಲರೂ ಬಿಡಿ ಬಿಡಿ ಅಂತ ಬಿಟ್ಟಿದ್ದಕ್ಕೇ ಅವ್ರು ಹಿಡ್ಕೊಂಡಿರೋದು," ಅಂದಳು ರಂಜನಿ. "ಮನೆಗೆ ಕಳ್ಳ ನುಗ್ಗಿ ಒಂದು ಚೊಂಬು ಎತ್ಕೊಂಡು ಹೋದ್ರೆ ಪೊಲೀಸ್ ಸ್ಟೇಷನ್ಗೆ ಓಡ್ತೀರಿ. ನನ್ ಹೆಸರನ್ನೇ ಎತ್ಕೊಂಡ್ ಹೋಗಿದ್ದಾರೆ. ಅದು ಚೊಂಬಿಗಿಂತ ಕಡಿಮೆಯಾ?"

ಅಂದು ಮಧ್ಯಾಹ್ನವೇ ಅವಳು ಚುನಾವಣಾಧಿಕಾರಿಗೆ ನಾಲ್ಕು ಪುಟದ ದೂರು ಬರೆದಳು. ರಿಜಿಸ್ಟರಿನಲ್ಲಿರುವ ಹೆಬ್ಬೆಟ್ಟಿನ ಗುರುತನ್ನು ಪರೀಕ್ಷೆಗೆ ಕಳಿಸಿ, ಹಾಕಿದವರನ್ನು ಹಿಡಿದು ಶಿಕ್ಷಿಸಬೇಕೆಂದು ಕೊನೆಯ ಪ್ಯಾರಾದಲ್ಲಿ ಬರೆದು ಗೆರೆ ಎಳೆದಳು. ಮರುದಿನ ತಾನೇ ಹೋಗಿ ಕಚೇರಿಯಲ್ಲಿ ಕೊಟ್ಟು, ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡು ಬಂದಳು.

ಮನೆಗೆಲಸದ ಬೇಬಿ ಆ ಎರಡು ದಿನ ಬಂದಿರಲಿಲ್ಲ. ಕೂವಂ ಹೊಳೆಯ ದಂಡೆಯ ಗುಡಿಸಲುಗಳಲ್ಲಿ ಅಕ್ಕನ ಜೊತೆ ಇರುವವಳು. ಗಂಡ ಬಿಟ್ಟುಹೋಗಿದ್ದ, ಮಗಳನ್ನು ಮದುವೆ ಮಾಡಿ ಕಳಿಸಿದ್ದಳು. ಎಂಟು ವರ್ಷದಿಂದ ಈ ಮನೆಯಲ್ಲಿ ಪಾತ್ರೆ, ಬಟ್ಟೆ, ನೆಲ. ಮೂರನೆಯ ದಿನ ಅವಳು ಬಂದಾಗ ರಂಜನಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನಡೆದದ್ದನ್ನೆಲ್ಲ ಮತ್ತೆ ಒಪ್ಪಿಸಿದಳು. ಬೀದಿಯವರಿಗೆ, ಶಾಲೆಯವರಿಗೆ, ಫೋನಿನಲ್ಲಿ ಅಕ್ಕತಂಗಿಯರಿಗೆ ಹೇಳಿದ ಮೇಲೂ ಅವಳ ಸಿಟ್ಟು ತಣಿದಿರಲಿಲ್ಲ. "ಯಾರೋ ಒಬ್ಬಳು, ಓದು ಬರಹ ಇಲ್ಲದವಳು, ನಾನೇ ರಂಜನಿ ಅಂತ ಹೋಗಿ ನಿಂತಿದ್ದಾಳೆ ನೋಡು. ಸಿಕ್ಕಲಿ, ಜೈಲಿಗೆ ಹಾಕಿಸ್ತೀನಿ," ಎಂದಳು. ಬೇಬಿ ತೊಳೆದ ಕುಕ್ಕರನ್ನೇ ಮತ್ತೊಮ್ಮೆ ತೊಳೆದು, ಬೇಗ ಹೊರಟುಹೋದಳು.

ಭಾನುವಾರ ಬೆಳಿಗ್ಗೆ ಏಳುಮಲೈ ಮನೆಗೆ ಬಂದ. ಚಪ್ಪಲಿ ಮೆಟ್ಟಿಲ ಕೆಳಗೆ ಬಿಟ್ಟು, ಜಗುಲಿಯ ಕುರ್ಚಿಯಲ್ಲಿ ಕೂತು, ಕುಡಿಯಲು ನೀರು ಕೇಳಿದ. ಸುಜಯೀಂದ್ರನೇ ನೀರು ತಂದುಕೊಟ್ಟ.

"ಟೀಚರಮ್ಮ ಕಂಪ್ಲೇಂಟ್ ಕೊಟ್ಟಿದ್ದೀರಂತೆ," ಅಂದ ಏಳುಮಲೈ. ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ಕೊಡಿ, ಅದು ನಿಮ್ಮ ಹಕ್ಕು. ಆದರೆ ಹೆಬ್ಬೆಟ್ಟು ಪರೀಕ್ಷೆ ಮಾಡಿದರೆ ಯಾರು ಸಿಕ್ಕಿಬೀಳ್ತಾರೆ? ನಾನಾ? ನಾನು ಓದಿದವನು ಟೀಚರಮ್ಮ, ಸಹಿ ಹಾಕ್ತೀನಿ."

"ಹಾಗಾದರೆ ಯಾರು?"

ಏಳುಮಲೈ ಲೋಟವನ್ನು ಕೆಳಗಿಟ್ಟ. "ನಿಮ್ಮ ಮನೆಯಲ್ಲಿ ಪಾತ್ರೆ ತೊಳೀತಾಳಲ್ಲ, ಆ ಬೇಬಿ. ಪಾಪದವಳು. ಒಂದು ವರ್ಷ ಜೈಲಾಗತ್ತೆ. ಹೆಣ್ಣು ಹೆಂಗಸು, ನಿಮಗೇ ಆಮೇಲೆ ಬೇಜಾರಾಗತ್ತೆ ಅಂತ ಹೇಳಕ್ಕೆ ಬಂದೆ. ವಾಪಸ್ ತಗೊಂಡು ಒಂದು ಕಾಗದ ಬರೆದುಕೊಡಿ, ನಾನೇ ಕೊಟ್ಟುಬಿಡ್ತೀನಿ."

ಮೊದಲು ರಂಜನಿಗೆ ಬಂದದ್ದು ಬೇಬಿಯ ಮೇಲಿನ ಕೋಪ. ಎಂಟು ವರ್ಷ ಒಂದೇ ಡಬರಿಯಿಂದ ಕಾಫಿ ಕುಡಿದವಳು. ಆಮೇಲೆ ಈ ಮನುಷ್ಯ ತನ್ನ ಕುರ್ಚಿಯಲ್ಲಿ ಕೂತಿರುವ ರೀತಿ ಕಣ್ಣಿಗೆ ಬಿತ್ತು. ಬೆನ್ನು ಒರಗಿಸಿ, ಕಾಲ ಮೇಲೆ ಕಾಲು ಹಾಕಿ, ಬಡವಳೊಬ್ಬಳನ್ನು ಅಡ್ಡ ಹಿಡಿದುಕೊಂಡು ಬಂದು, ಅವಳ ಮೇಲೆ ದಯೆ ತೋರಿಸು ಎಂದು ತನಗೇ ಬುದ್ಧಿ ಹೇಳುತ್ತಿದ್ದ.

"ನೀವು ಎದ್ದು ಹೋಗಿ," ಅಂದಳು.

"ಯೋಚನೆ ಮಾಡಿ ಟೀಚರಮ್ಮ."

"ನನ್ನ ಜಗುಲಿಯಲ್ಲಿ ಕೂತು ನೀವು ನನಗೆ ಪಾಪ ಪುಣ್ಯ ಹೇಳಬೇಡಿ. ಏಳಿ."

ಸುಜಯೀಂದ್ರ ಹೆಂಡತಿಯ ಮುಖ ನೋಡಿ, ಲೋಟ ಎತ್ತಿಕೊಂಡು ಒಳಗೆ ಹೋದ. ಏಳುಮಲೈ ಕೈಮುಗಿದು, ಚಪ್ಪಲಿ ಮೆಟ್ಟಿಕೊಂಡು ಹೋದ.

ಮರುದಿನ ಬೇಬಿ ಬಂದಾಗ ರಂಜನಿ ಹಿತ್ತಲ ನಲ್ಲಿಯ ಹತ್ತಿರ ಮಣೆ ಹಾಕಿಕೊಂಡು ಕೂತಿದ್ದಳು. ಬೇಬಿಗೆ ನೋಡಿದೊಡನೆ ತಿಳಿಯಿತು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ಕೈ ಅಲ್ಲೇ ನಿಂತಿತು.

"ಯಾಕೆ ಹೀಗ್ ಮಾಡಿದೆ?" ಅಂದಳು ರಂಜನಿ ತಮಿಳಿನಲ್ಲಿ. "ನನ್ನ ಹೆಸರೇ ಬೇಕಿತ್ತಾ ನಿನಗೆ?"

"ಯಾರ ಹೆಸರು ಅಂತ ನನಗೇನು ಗೊತ್ತು ಟೀಚರಮ್ಮ?" ಅಂದಳು ಬೇಬಿ. "ಏಳುಮಲೈ ಚೀಟಿ ಕೊಟ್ಟ. ಓದಕ್ಕೆ ಬರತ್ತಾ ನನಗೆ? ಒಳಗೆ ಹೋದ ಮೇಲೆ ಆ ಸಾರ್ ಜೋರಾಗಿ ರಂಜನಿ ಅಂತ ಕೂಗಿದಾಗ ಎದೆ ಧಸಕ್ ಅಂತು. ನಿಮ್ಮ ಯಜಮಾನರ ಹೆಸರೂ ಓದಿದರು."

"ಆಗಲೇ ವಾಪಸ್ ಬರಬಹುದಿತ್ತಲ್ಲ."

"ಕಾರ್ಡು ಅವನ ಹತ್ತಿರ ಇದೆ."

ಸ್ವಲ್ಪ ಸ್ವಲ್ಪವಾಗಿ ಎಲ್ಲ ಹೊರಗೆ ಬಂತು. ಎರಡು ವರ್ಷದ ಹಿಂದೆ ಸೇತುವೆ ಅಗಲ ಮಾಡುವಾಗ ಬೇಬಿಯಿದ್ದ ಗುಡಿಸಲಿನ ಸಾಲನ್ನು ಕೆಡವಿದ್ದರು. ಅವಳು ಮುಂದಿನ ಸಾಲಿನಲ್ಲಿದ್ದ ಅಕ್ಕನ ಮನೆ ಸೇರಿದಳು. ಸಾಲು ಹೋದ ಹಾಗೆಯೇ ಅಲ್ಲಿನವರ ಹೆಸರುಗಳೂ ಮತದಾರರ ಪಟ್ಟಿಯಿಂದ ಹೋದವು. ರೇಷನ್ ಕಾರ್ಡಿಗೆ ಹೊಸ ವಿಳಾಸ ಹಾಕಿಸಿಕೊಡುತ್ತೇನೆಂದು ಏಳುಮಲೈ ಎಲ್ಲರ ಕಾರ್ಡನ್ನೂ ತೆಗೆದುಕೊಂಡ. ಅಂದಿನಿಂದ ಅವು ಅವನ ಮೇಜಿನೊಳಗಿವೆ. ಅಕ್ಕಿ ಬೇಕಾದಾಗ ಹೋಗಿ ಕೇಳಬೇಕು. ಮನಸ್ಸು ಬಂದರೆ ಒಂದು ದಿನದ ಮಟ್ಟಿಗೆ ಕೊಟ್ಟು ಸಂಜೆ ವಾಪಸು ಇಸಿದುಕೊಳ್ಳುತ್ತಾನೆ. ಮೆರವಣಿಗೆಗೆ ಕರೆದರೆ ಹೋಗಬೇಕು, ಲಾರಿ ಹತ್ತು ಅಂದರೆ ಹತ್ತಬೇಕು.

"ಓಟು ಹಾಕಿ ಬಂದರೆ ಕಾರ್ಡು ಕೊಟ್ಟುಬಿಡ್ತೀನಿ ಅಂದ. ಇನ್ನೂ ಕೊಟ್ಟಿಲ್ಲ," ಅಂದಳು ಬೇಬಿ. "ಬೈಯಬೇಕು ಅಂದ್ರೆ ಬೈದುಬಿಡಿ. ಪೊಲೀಸಿಗೆ ಮಾತ್ರ ಕೊಡಬೇಡಿ. ಅಳಿಯ ಮಗಳನ್ನ ಮನೆಗೆ ಕಳಿಸ್ಬಿಡ್ತಾನೆ."

"ನನ್ನ ಹೆಸರೇ ಯಾಕೆ ಆರಿಸಿದನಂತೆ?"

"ಟೀಚರು ಪ್ರತಿ ಸಲ ಡ್ಯೂಟಿಗೆ ಹೋಗ್ತಾರೆ, ಓಟಿಗೆ ಬರಲ್ಲ, ಆ ಹೆಸರು ಯಾವಾಗಲೂ ಖಾಲಿ ಅಂದ. ಹೋದ ಸಲ ಬೇರೆ ಯಾರೋ ಹಾಕಿದ್ರು. ಅದಕ್ಕೆ ಮುಂಚೆಯೂ."

ರಂಜನಿ ಮಣೆಯಿಂದ ಏಳಲಿಲ್ಲ. ದೂರದ ಊರುಗಳ ಶಾಲೆಗಳಲ್ಲಿ ತಾನು ಬೆವರು ಸುರಿಸಿಕೊಂಡು, ಒಂದು ಕಳ್ಳ ಓಟೂ ಬೀಳಬಾರದೆಂದು ಒಬ್ಬೊಬ್ಬರ ಮುಖವನ್ನೂ ಚೀಟಿಯನ್ನೂ ತಾಳೆ ನೋಡುತ್ತಿದ್ದ ಹೊತ್ತಿಗೆ, ಇಲ್ಲಿ ಎರಡು ಬೀದಿಯಾಚೆ ತನ್ನ ಹೆಸರನ್ನು ಬಾಡಿಗೆ ಸೈಕಲ್ಲಿನ ಹಾಗೆ ಯಾರ್ಯಾರೋ ಓಡಿಸಿದ್ದರು. ಸರ್ಕಾರದ ಕೆಲಸವನ್ನು ನಿಯತ್ತಾಗಿ ಮಾಡಿದ್ದಕ್ಕೇ ಆ ಹೆಸರು ಖಾಲಿಯಾಗಿ ಅವನ ಕೈಗೆ ಸಿಕ್ಕಿತ್ತು. ಏಳು ಸಲ. ತಾನು ವಿರೋಧಿಸಿದ ಪ್ರತಿಯೊಬ್ಬನಿಗೂ ತಾನೇ ಓಟು ಹಾಕಿದಂತಾಗಿತ್ತು. ಆ ಮಂತ್ರಿಗೂ, ಆ ಗಾಜು ಇಳಿಸದ ಕಾರಿಗೂ.

"ಪಾತ್ರೆ ಆಮೇಲೆ ತೊಳೆಯೋಣ," ಅಂದಳು. "ಬಾ ನನ್ನ ಜೊತೆ."

ಪಕ್ಷದ ಆಫೀಸು ಮುಖ್ಯರಸ್ತೆಯ ತಿರುವಿನಲ್ಲಿ, ಬಾವುಟದ ಕಂಬದ ಪಕ್ಕ, ತಗಡಿನ ಮಾಡಿನ ಒಂದು ಕೋಣೆ. ಏಳುಮಲೈ ಮೇಜಿನ ಹಿಂದೆ ಕೂತಿದ್ದ. ಹತ್ತು ಗಂಟೆಯ ಹೊತ್ತು. ಬೇಬಿ ಬಾಗಿಲ ಹೊರಗೇ ನಿಂತಳು. ರಂಜನಿ ಒಳಗೆ ಹೋಗಿ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂತಳು.

"ಬೇಬಿಯ ರೇಷನ್ ಕಾರ್ಡು ಕೊಡಿ."

"ಅದು ರಿನ್ಯೂವಲ್ಲಿಗೆ ಹೋಗಿದೆ ಟೀಚರಮ್ಮ. ಮುಂದಿನ ವಾರ ಬರತ್ತೆ."

"ಹಾಗಾದರೆ ಮುಂದಿನ ವಾರದವರೆಗೆ ಕೂತಿರ್ತೀನಿ. ನನಗೆ ರಜೆಯಿದೆ."

ಅವನು ನಕ್ಕ. ಅವಳು ನಗಲಿಲ್ಲ. ಪರೀಕ್ಷೆಯ ಕೋಣೆಯಲ್ಲಿ ಮೂರು ಗಂಟೆ ಕಾಯುವುದು ಅವಳಿಗೆ ಅಭ್ಯಾಸ. ಬೆನ್ನು ನೆಟ್ಟಗೆ ಮಾಡಿಕೊಂಡು, ಪರ್ಸನ್ನು ತೊಡೆಯ ಮೇಲಿಟ್ಟುಕೊಂಡು, ಅವನ ಮುಖವನ್ನೇ ನೋಡುತ್ತ ಕೂತಳು. ಬಂದು ಹೋಗುವವರು ಟೀಚರು ಯಾಕೆ ಇಲ್ಲಿ ಎಂದು ಕೇಳಿದರು. ಕೇಳಿದವರಿಗೆಲ್ಲ ಅವಳು ಗಟ್ಟಿಯಾಗಿ ಒಂದೇ ಮಾತು ಹೇಳಿದಳು: "ಇವರ ಹತ್ತಿರ ನಮ್ಮ ಬೇಬಿಯ ಕಾರ್ಡಿದೆ, ಇಸಿದುಕೊಳ್ಳಕ್ಕೆ ಬಂದಿದ್ದೀನಿ." ಹನ್ನೊಂದೂವರೆಯ ಹೊತ್ತಿಗೆ ಸುದ್ದಿ ಕೂವಂ ದಂಡೆ ತಲುಪಿತು. ಮೊದಲು ಬೇಬಿಯ ಅಕ್ಕ ಬಂದಳು, ಆಮೇಲೆ ಮೂವರು, ಆಮೇಲೆ ಹತ್ತು ಹನ್ನೆರಡು ಹೆಂಗಸರು. ಯಾರೂ ಜಗಳವಾಡಲಿಲ್ಲ. ಬಾಗಿಲಲ್ಲಿ ಬಂದು ನಿಂತರು, ಅಷ್ಟೆ. ಒಬ್ಬ ಮುದುಕಿ ಮಾತ್ರ ಒಳಗೆ ಬಂದು ರಂಜನಿಯ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು, "ನನ್ನದೂ ಕೊಟ್ಟುಬಿಡಪ್ಪ," ಅಂದಳು.

ಒಂದೂವರೆಯವರೆಗೆ ಏಳುಮಲೈ ಫೋನು ಮಾಡಿದ, ಎದ್ದು ಹೋಗಿ ಬಂದ, ಹುಡುಗರನ್ನು ಕರೆಸಿದ. ಬಂದವರು ಹೆಂಗಸರ ಗುಂಪು ನೋಡಿ ರಸ್ತೆಯಾಚೆ ನಿಂತರು. ರಂಜನಿಯ ಹೊಟ್ಟೆಯ ಹೊಲಿಗೆ ಎಳೆಯುತ್ತಿತ್ತು. ತೋರಿಸಿಕೊಳ್ಳಲಿಲ್ಲ. ಕೊನೆಗೆ ಅವನು ಮೇಜಿನ ಖಾನೆಯ ಬೀಗ ತೆಗೆದು, ರಬ್ಬರ್ ಬ್ಯಾಂಡ್ ಹಾಕಿದ ಒಂದು ಕಟ್ಟನ್ನು ಹೊರಗಿಟ್ಟ.

"ನಾನೇ ಕರೆದು ಕೊಡೋಣ ಅಂತಿದ್ದೆ," ಅಂದ. ಒಬ್ಬೊಬ್ಬರ ಹೆಸರನ್ನೂ ತಾನೇ ಕರೆದು, ತಾನೇ ಎದ್ದು ನಿಂತು ಕೊಟ್ಟ. ಅಷ್ಟರಲ್ಲಿ ಅವನ ಕಡೆಯ ಯಾರೋ ಕ್ಯಾಮೆರಾ ತಂದಿದ್ದರು. ಬೇಬಿಗೆ ಕಾರ್ಡು ಕೊಡುವಾಗ ಅವನು ಫೋಟೋದ ಕಡೆ ತಿರುಗಿ ನಕ್ಕ.

ಒಂದು ವಾರದ ಮೇಲೆ ರಂಜನಿ ಬೆಳಿಗ್ಗೆ ಹಾಲಿಗೆಂದು ಹೊರಗೆ ಬಂದಾಗ ತನ್ನ ಮನೆಯ ಕಾಂಪೌಂಡ್ ಗೋಡೆಗೇ ಒಂದು ಪೋಸ್ಟರ್ ಅಂಟಿಸಿದ್ದರು. ಅದರಲ್ಲಿ ಏಳುಮಲೈ ಬೇಬಿಗೆ ಕಾರ್ಡು ಕೊಡುತ್ತಿದ್ದ. ಕೆಳಗೆ ದಪ್ಪ ಅಕ್ಷರದಲ್ಲಿ, ಕೂವಂ ದಂಡೆಯ ಬಡವರಿಗೆ ರೇಷನ್ ಕಾರ್ಡ್ ದೊರಕಿಸಿಕೊಟ್ಟ ನಮ್ಮ ಅಣ್ಣನಿಗೆ ಕೋಟಿ ವಂದನೆ ಎಂದಿತ್ತು. ಅವಳು ಒಳಗೆ ಹೋಗಿ ಬಕೆಟ್ಟಿನಲ್ಲಿ ನೀರು ತಂದು, ಗೋಡೆಗೆ ಸುರಿದು, ಸೌಟಿನ ಹಿಡಿಯಿಂದ ಕೆರೆಯತೊಡಗಿದಳು. ಬೀದಿಯವರು ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಸುಜಯೀಂದ್ರ ಬನಿಯನ್ನಿನಲ್ಲೇ ಹೊರಗೆ ಬಂದ. ಬೈಯುತ್ತಾನೆಂದುಕೊಂಡಳು. ಅವನು ಸೌಟು ಇಸಿದುಕೊಂಡು, "ಮೇಲಿಂದು ನಿಂಗೆ ಎಟಕಲ್ಲ," ಅಂದ.

ಅವಳು ದೂರನ್ನು ವಾಪಸು ತೆಗೆದುಕೊಳ್ಳಲಿಲ್ಲ. ಎರಡನೆಯದೊಂದು ಬರೆದಳು. ಅದರಲ್ಲಿ ಹೆಬ್ಬೆಟ್ಟಿನ ಮಾತು ಬಿಟ್ಟು, ಚೀಟಿ ಹಂಚಿದವನ ಹೆಸರು, ಕಾರ್ಡುಗಳನ್ನು ಇಟ್ಟುಕೊಂಡಿದ್ದ ಖಾನೆ, ಏಳು ಚುನಾವಣೆಯ ವರ್ಷಗಳು, ಎಲ್ಲವನ್ನೂ ಕೊಟ್ಟಳು. ಆರು ತಿಂಗಳ ಮೇಲೆ ಎರಡಕ್ಕೂ ಸೇರಿಸಿ ಒಂದು ಸಾಲಿನ ಉತ್ತರ ಬಂತು: ಸದರಿ ಗುರುತು ಅಸ್ಪಷ್ಟವಾಗಿರುವುದರಿಂದ ಮುಂದಿನ ಕ್ರಮದ ಅಗತ್ಯ ಕಂಡುಬರುವುದಿಲ್ಲ. ಅಷ್ಟರೊಳಗೆ ಕಾರ್ಪೊರೇಷನ್ ಚುನಾವಣೆ ನಡೆದು ಏಳುಮಲೈ ಕೌನ್ಸಿಲರ್ ಆಗಿದ್ದ. ಮತದಾರರ ಪಟ್ಟಿಯ ಗೊಂದಲ ಸರಿಪಡಿಸುತ್ತೇನೆಂದು ಅವನು ಸಭೆಯಲ್ಲಿ ಭಾಷಣ ಮಾಡಿದನೆಂದು ಯಾರೋ ಹೇಳಿದಾಗ ರಂಜನಿ ಆ ರಾತ್ರಿ ಊಟ ಮಾಡಲಿಲ್ಲ.

ಬೇಬಿಯ ಹೆಸರನ್ನು ಪಟ್ಟಿಗೆ ಸೇರಿಸಲು ಮೂರು ಸಲ ಹೋಗಬೇಕಾಯಿತು. ಮೊದಲ ಸಲ ಫಾರಂ ಮುಗಿದಿತ್ತು. ಎರಡನೆಯ ಸಲ ಗುಡಿಸಲಿಗೆ ಬಾಗಿಲ ನಂಬರಿಲ್ಲ, ನಂಬರಿಲ್ಲದ ಮನೆಗೆ ಓಟಿಲ್ಲ ಎಂದ ಗುಮಾಸ್ತ. "ಕೆಡವಕ್ಕೆ ಬಂದಾಗ ನಂಬರ್ ಕೇಳಿದ್ರಾ?" ಎಂದು ರಂಜನಿ ಕೇಳಿದ್ದಕ್ಕೆ ಅವನು ಊಟಕ್ಕೆ ಎದ್ದುಹೋದ. ಮೂರನೆಯ ಸಲ ಅಕ್ಕನ ಕಾರ್ಡು, ಬೇಬಿಯ ಕಾರ್ಡು, ಮಗಳ ಮದುವೆಯ ಕರೆಯೋಲೆ, ತನ್ನ ಶಾಲೆಯ ಲೆಟರ್‌ಹೆಡ್ಡಿನಲ್ಲಿ ಹೆಡ್‌ಮಿಸ್ಟ್ರೆಸ್ ಸಹಿ ಮಾಡಿದ ಪತ್ರ, ಇಷ್ಟನ್ನೂ ಹಿಡಿದುಕೊಂಡು ಹೋದಳು. ಅಂದು ಇದ್ದವಳು ಒಬ್ಬ ಹೆಂಗಸು. ಕಾಗದಗಳನ್ನು ನೋಡಿ, ಇಬ್ಬರ ಮುಖವನ್ನೂ ನೋಡಿ, ಏನೂ ಹೇಳದೆ ಸೀಲು ಹಾಕಿದಳು. ಪಟ್ಟಿ ಬಂದಾಗ ಬೇಬಿಯ ವಯಸ್ಸು ಹನ್ನೆರಡು ವರ್ಷ ಕಡಿಮೆಯಾಗಿತ್ತು, ಬಿಟ್ಟುಹೋದ ಗಂಡನ ಹೆಸರು ತಪ್ಪಾಗಿತ್ತು. ಅದಕ್ಕೆ ಬೇಬಿ ಬೇಸರ ಮಾಡಿಕೊಳ್ಳಲಿಲ್ಲ.

೨೦೦೪ರ ಮೇನಲ್ಲಿ ಲೋಕಸಭೆಗೆ ಮತದಾನ. ರಂಜನಿಗೆ ಮತ್ತೆ ಡ್ಯೂಟಿ ಬಂದಿತ್ತು. ಈ ಸಲ ಅಂಚೆ ಓಟಿನ ಅರ್ಜಿಯನ್ನು ಮೊದಲ ತರಬೇತಿಯ ದಿನವೇ ಕೇಳಿ, ಕೊಡುವವರೆಗೂ ಬಿಡದೆ ತೆಗೆದುಕೊಂಡು ಹಾಕಿದಳು. ಡ್ಯೂಟಿ ಮುಗಿಸಿ ಬಂದ ಮರುದಿನ ಬೇಬಿ ಅಡುಗೆಮನೆಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದಾಗ ರಂಜನಿ ಕೇಳಿದಳು:

"ಹಾಕಿದೆಯಾ?"

"ಹಾಕಿದೆ. ನನ್ನ ಹೆಸರನ್ನೇ ಕೂಗಿದರು. ಎಷ್ಟು ಜೋರಾಗಿ ಅಂತೀರಿ."

"ಯಾರಿಗೆ ಹಾಕಿದೆ? ಹೇಳದಿದ್ದರೂ ಪರವಾಗಿಲ್ಲ."

ಬೇಬಿ ಕಾಫಿ ಲೋಟವನ್ನು ಕೆಳಗಿಟ್ಟು, ಏಳುಮಲೈಯ ಪಕ್ಷದ ಹೆಸರು ಹೇಳಿದಳು.

ರಂಜನಿ ಒಲೆ ಆರಿಸಿ ತಿರುಗಿದಳು. "ನಿನಗೆ ತಲೆ ಕೆಟ್ಟಿದೆಯಾ? ಎರಡು ವರ್ಷ ಕಾರ್ಡು ಇಟ್ಟುಕೊಂಡು ಕುಣಿಸಿದವನು ಅವನು. ಮರೆತುಹೋಯ್ತಾ?"

"ಮರೆತಿಲ್ಲ ಟೀಚರಮ್ಮ. ಹೋದ ವರ್ಷ ನೀರಿಲ್ಲದಾಗ ನಮ್ಮ ಸಾಲಿಗೆ ಟ್ಯಾಂಕರ್ ತಂದವನು ಅವನೊಬ್ಬನೇ. ಬೇರೆಯವರು ಕೈಮುಗಿದು ಹೋದರು."

"ನೀರು ಅವನಪ್ಪನ ಮನೆಯದಾ? ಕಾರ್ಪೊರೇಷನ್ನಿನ ನೀರು. ನಿನಗೆ ಬರಬೇಕಾದ್ದೇ ನಿನಗೆ ಬಂತು. ಅದನ್ನೂ ಅವನ ದಾನ ಅಂದುಕೊಂಡಿದ್ದೀಯಲ್ಲ, ಇದಕ್ಕೇ ಅಲ್ವಾ ಅವರು ಮೆರೆಯೋದು?"

"ಬರಬೇಕಾದ್ದು ಎಲ್ಲಾ ಬರತ್ತಾ?" ಅಂದಳು ಬೇಬಿ. "ನಿಮ್ಮ ಬೀದಿಗೆ ಬರತ್ತೆ. ನಮಗೆ ಯಾರಾದರೂ ತರಬೇಕು. ನೀವು ಕೋಪ ಮಾಡಿಕೊಂಡರೂ ಸರಿ. ಹೋದ ಸಲ ಅವನು ಹಾಕಿಸಿದ, ಈ ಸಲ ನಾನು ಹಾಕಿದೆ."

ರಂಜನಿಯ ಹತ್ತಿರ ಉತ್ತರ ಬೇಕಾದಷ್ಟಿತ್ತು. ಬೇಬಿ ಪಾತ್ರೆ ತೊಳೆಯುವಷ್ಟು ಹೊತ್ತೂ, ಬಟ್ಟೆ ಒಣಹಾಕುವಷ್ಟು ಹೊತ್ತೂ ಹಿಂದೆಯೇ ಓಡಾಡಿಕೊಂಡು ಹೇಳಿದಳು. ತೆರಿಗೆ ಅಂದರೇನು, ಬೆಂಕಿಪೊಟ್ಟಣ ಕೊಂಡರೂ ಬೇಬಿ ಸರ್ಕಾರಕ್ಕೆ ಹೇಗೆ ಕೊಡುತ್ತಾಳೆ, ಆ ಹಣದಲ್ಲೇ ಹೇಗೆ ಟ್ಯಾಂಕರ್ ಓಡುತ್ತದೆ ಎಂದು ಒಂಬತ್ತನೆಯ ತರಗತಿಗೆ ಬಿಡಿಸಿ ಹೇಳುವ ಹಾಗೆ ಹೇಳಿದಳು. ಬೇಬಿ ಅಲ್ಲಲ್ಲಿ ಹೂಂ ಅಂದಳು, ಎರಡು ಕಡೆ ಒಪ್ಪಲಿಲ್ಲ, ಒಂದು ಕಡೆ ತಿರುಗಿ ಕೇಳಿದ ಪ್ರಶ್ನೆಗೆ ರಂಜನಿಯೇ ತಡವರಿಸಿದಳು. ಹನ್ನೊಂದಕ್ಕೆ ಬೇಬಿ ಇನ್ನೊಂದು ಮನೆಗೆ ಹೋಗಬೇಕಿತ್ತು. ಹೋಗುವಾಗ ಬಾಗಿಲಲ್ಲಿ ನಿಂತು, "ನಾಳೆ ಉಳಿದದ್ದು ಹೇಳಿ ಟೀಚರಮ್ಮ," ಎಂದು ಹೇಳಿ ಹೊರಟಳು.